ಬಾನಿನ ಸಂಥೆ

1932ನೆಯ ಇಸವಿಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಪುಸ್ ಮಾತ್ ಎಂಬ ಒಂಟಿ ಎಂಜಿನಿನ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲಗಳನ್ನು ಹೇರಿಕೊಂಡು ಹೊರಟು, ನಡುವೆ ಅಹಮದಾಬಾದಿನಲ್ಲಿ ಎತ್ತಿನ ಗಾಡಿಯ ಮೇಲೆ ಬಂದ ಡಬ್ಬಗಳ ಪೆಟ್ರೋಲನ್ನು ತುಂಬಿಸಿಕೊಂಡು, ಮುಂಬಯಿಯ ಜುಹುವಿನಲ್ಲಿ ಇಳಿದುದೂ, ಅಲ್ಲಿಂದ ಮುಂದಕ್ಕೆ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟರು ಅದೇ ಅಂಚೆಯನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದುದೂ ಭಾರತದ ವಿಮಾನಯಾನ ಚರಿತ್ರೆಯ ಮೊದಲ ಪುಟಗಳ ವೃತ್ತಾಂತವಾಗಿ ಬಹುಮಂದಿಗೆ ಪರಿಚಿತವಾಗಿವೆ. ಆದರೆ ಆ ಯಾನದ ಒಂದು ಲಕ್ಷಣವನ್ನು ಕುರಿತು ನಾವು ಹೆಚ್ಚಾಗಿ ಆಲೋಚಿಸುವುದಿಲ್ಲ. ಆ ವಿಮಾನವು ಮೂಕವಾಗಿದ್ದಿತು. ಅದರಲ್ಲಿ ರೇಡಿಯೋ ಯಂತ್ರವಿರಲಿಲ್ಲ. ನೆಲವನ್ನು ಬಿಟ್ಟ ಕ್ಷಣದಿಂದ ಮರಳಿ ನೆಲವನ್ನು ಮುಟ್ಟುವ ಕ್ಷಣದವರೆಗೆ ಪೈಲಟನು ಯಾರನ್ನೂ ಏನನ್ನೂ ಕೇಳುವಂತಿರಲಿಲ್ಲ, ಯಾರೂ ಅವನಿಗೆ ಏನನ್ನೂ ಹೇಳುವಂತಿರಲಿಲ್ಲ. ರೈಲುಹಳಿ, ಹೊಳೆಯ ತಿರುವು, ಬಂಡೆಗುಡ್ಡ, ಇವೇ ಅವನಿಗೆ ಸಂಗಾತಿಗಳು, ಇವೇ ಅವನಿಗೆ ವಾರ್ತಾವಾಹಕಗಳು. ಈಗ ಬೆಂಗಳೂರಿನ ಮೇಲೆ ಹಾರುವ ಯಾವ ವಿಮಾನದಲ್ಲಾದರೂ ಪೈಲಟನ ಕಿವಿಯಲ್ಲಿ ಮಾತು ಎಡೆಬಿಡದೆ ಸುರಿಯುತ್ತಿರುತ್ತದೆ. ಆ ಮೌನದಿಂದ ಈ ಮಾತಿಗೆ ಬಂದ ದಾರಿ ಯಾವುದು, ಆ ಮಾತನ್ನು ಕಲಿಸುವವರು ಏನನ್ನು ಕಲಿಸುತ್ತ ಬಂದರು, ಯಾವ ಯಾವ ನಷ್ಟಗಳನ್ನು ತೆತ್ತು ಕಲಿಸಬೇಕಾದುದನ್ನು ಕಂಡುಕೊಂಡರು ಎಂಬುದೇ ಈ ಲೇಖನದ ವಿಷಯ.

ಹಾರುವುದನ್ನು ಕಲಿಸುವ ವಿದ್ಯೆಯಲ್ಲಿ ಮಾತಿಗೆ ಮೊದಲು ಸ್ಥಾನ ದೊರೆತುದು ರೇಡಿಯೋದಿಂದಲ್ಲ, ಒಂದು ರಬ್ಬರು ಕೊಳವೆಯಿಂದ. 1917ರಲ್ಲಿ ಇಂಗ್ಲೆಂಡಿನ ಗಾಸ್ಪೋರ್ಟ್ ಎಂಬಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಸೇನಾಧಿಕಾರಿ ವಿಮಾನ ಶಿಕ್ಷಣವನ್ನು ಕ್ರಮಬದ್ಧವಾದ ಒಂದು ಶಾಸ್ತ್ರವನ್ನಾಗಿ ಮಾಡಹೊರಟಾಗ, ಹಿಂದುಮುಂದಾಗಿ ಕುಳಿತ ಗುರುಶಿಷ್ಯರ ನಡುವೆ ಗಾಳಿಯ ಆರ್ಭಟವನ್ನು ದಾಟಿ ಮಾತು ಹೋಗುವಂತೆ ಒಂದು ಕೊಳವೆಯನ್ನು ಅಳವಡಿಸಿದರು. ಗುರುವಿನ ಬಾಯ ಬಳಿ ಅದರ ಒಂದು ತುದಿ, ಶಿಷ್ಯನ ಕಿವಿಗೆ ಇನ್ನೊಂದು. ಗಾಸ್ಪೋರ್ಟ್ ಕೊಳವೆ ಎಂದೇ ಹೆಸರಾದ ಈ ಉಪಕರಣವು ಮುಂದೆ ದಶಕಗಳ ಕಾಲ ಕಲಿಕೆಯ ವಿಮಾನಗಳಲ್ಲಿ ಬಳಕೆಯಾಯಿತು. ಅದರ ಮಹತ್ತ್ವವನ್ನು ಒಪ್ಪುತ್ತಲೇ ಅದರ ಕುಂದನ್ನೂ ಗಮನಿಸಬೇಕು: ಅದು ಒಮ್ಮುಖವಾದುದು. ಗುರುವು ಹೇಳಬಹುದು, ಶಿಷ್ಯನು ಕೇಳಬಹುದು; ಕೇಳಿದ್ದು ಸರಿಯೆ ತಪ್ಪೆ ಎಂಬುದನ್ನು ಮಾತಿನಿಂದ ತಿಳಿಯುವ ಮಾರ್ಗವಿಲ್ಲ. ನಮ್ಮ ಪುರಾಣಗಳ ಅಶರೀರವಾಣಿಯೂ ಹೀಗೆಯೇ ಅಲ್ಲವೆ? ಕಂಸನಿಗೆ ಅದು ನುಡಿಯಿತು, ಮೌನವಾಯಿತು, ಉತ್ತರಕ್ಕಾಗಿ ನಿಲ್ಲಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಪ್ರಸಾರಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂದುದು ಎಷ್ಟು ಒಪ್ಪುವ ಸಂಗತಿಯೋ, ಪೈಲಟರ ಮಾತಿಗೆ ಆ ಹೆಸರು ಅಷ್ಟೇ ಒಪ್ಪದ ಸಂಗತಿ. ಏಕೆಂದರೆ ವಿಮಾನದ ಮಾತು ಹೋದರೆ ಸಾಲದು, ಅದು ಹೋದಂತೆಯೇ ಮರಳಿ ಬರಬೇಕು. ನನಗೆ ಈ ವಿದ್ಯೆಯ ಸಮಗ್ರ ಇತಿಹಾಸವು ಆ ಮರಳಿ ಬರುವ ಮಾತಿನ ಇತಿಹಾಸವಾಗಿಯೇ ಕಾಣುತ್ತದೆ.

ಲಂಡನ್ನಿನ ಹತ್ತಿರದ ಕ್ರಾಯ್ಡನ್ ನಿಲ್ದಾಣದಲ್ಲಿ 1920ರಲ್ಲಿ ವಿಮಾನ ನಿಯಂತ್ರಣಕ್ಕೆಂದೇ ಒಂದು ಗೋಪುರವು ಎದ್ದುನಿಂತಿತು. ಅಲ್ಲಿಂದ ಪ್ಯಾರಿಸಿನ ಲ ಬೂರ್ಜೆಗೆ ಹೋಗಿಬರುವ ವಿಮಾನಗಳೊಡನೆ ನಿಸ್ತಂತು ಸಂಭಾಷಣೆ ನಡೆಯುತ್ತಿದ್ದಿತು. ತಂತಿಯ ಸಂಕೇತದಲ್ಲಿ ಆಪತ್ತಿನ ಕರೆಯಾಗಿದ್ದ ಎಸ್ಒಎಸ್ ಎಂಬುದು, ಬಾಯಿಂದ ಹೇಳಿದಾಗ ಅದರ ಸಕಾರದ ಸುಯ್ಲು ಯಂತ್ರದ ಕರಕರದಲ್ಲಿ ಕರಗಿಹೋಗುವಂತಿದ್ದುದರಿಂದ, ಕ್ರಾಯ್ಡನ್ನಿನ ಹಿರಿಯ ರೇಡಿಯೋ ಅಧಿಕಾರಿ ಫ್ರೆಡರಿಕ್ ಸ್ಟ್ಯಾನ್ಲಿ ಮಾಕ್‌ಫರ್ಡರು, ಫ್ರೆಂಚರಿಗೂ ಆಂಗ್ಲರಿಗೂ ಸಮನಾಗಿ ತಿಳಿಯಬಲ್ಲ ಒಂದು ಕೂಗನ್ನು ಹುಡುಕಿ, ‘ನನಗೆ ನೆರವಾಗಿರಿ’ ಎಂಬ ಅರ್ಥದ ಫ್ರೆಂಚ್ ಮಾತನ್ನೇ ಆಂಗ್ಲ ನಾಲಗೆಗೆ ಒಗ್ಗಿಸಿ ‘ಮೇಡೇ’ ಎಂದು ಮಾಡಿದರು. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ವಿಮಾನ ಇಂಗ್ಲಿಷಿನ ಅತ್ಯಂತ ಗಂಭೀರವಾದ ಪದವು ಇಂಗ್ಲಿಷ್ ಪದವೇ ಅಲ್ಲವೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಅದು ಎರಡು ಭಾಷೆಗಳ ಗಡಿಯ ಮೇಲೆ, ಕಡಲ ಕಾಲುವೆಯೊಂದರ ಮೇಲಣ ಆಕಾಶದಲ್ಲಿ, ಅವಶ್ಯಕತೆಯ ಒತ್ತಡದಿಂದ ಜನಿಸಿದ ಪದ.

ಆದರೂ ಆ ಕಾಲದ ಬಹುಪಾಲು ದೀರ್ಘಯಾನಗಳಲ್ಲಿ ಮಾತಿನ ಹೊಣೆ ಪೈಲಟನದಾಗಿರಲಿಲ್ಲ. ಅವನ ಹಿಂದೆ ಒಬ್ಬ ರೇಡಿಯೋ ಅಧಿಕಾರಿ ಕುಳಿತು ಮೋರ್ಸ್ ಸಂಕೇತದ ಕಡ್ಡಿಚುಕ್ಕೆಗಳಲ್ಲಿ ವ್ಯವಹರಿಸುತ್ತಿದ್ದನು. ಕ್ಯೂ ಅಕ್ಷರದಿಂದ ಮೊದಲಾಗುವ ಮೂರು ಮೂರು ಅಕ್ಷರಗಳ ಗುಚ್ಛಗಳು ಯಾವ ದೇಶದವನಿಗೂ ಒಂದೇ ಅರ್ಥವನ್ನು ಕೊಡುತ್ತಿದ್ದುವಾದುದರಿಂದ ಅಲ್ಲಿ ವ್ಯಾಕರಣವಾಗಲಿ ಉಚ್ಚಾರಣೆಯಾಗಲಿ ತೊಡಕಾಗಲಿಲ್ಲ. ಅವುಗಳಲ್ಲಿ ಕೆಲವು, ಎತ್ತರವನ್ನು ಅಳೆಯುವ ಯಂತ್ರವನ್ನು ಸರಿಹೊಂದಿಸುವಾಗ ಬಳಸುವ ಕ್ಯೂಎನ್ಎಚ್ ಮುಂತಾದುವು, ಇಂದಿಗೂ ಪೈಲಟರ ನಾಲಗೆಯ ಮೇಲೆ ಉಳಿದಿವೆ. ಎರಡನೆಯ ಮಹಾಯುದ್ಧವು ಧ್ವನಿರೇಡಿಯೋವನ್ನು ಒಬ್ಬನೇ ಕೂರುವ ಯುದ್ಧವಿಮಾನದೊಳಕ್ಕೂ ತಂದಿಟ್ಟ ಮೇಲೆ ರೇಡಿಯೋ ಅಧಿಕಾರಿಗೆ ಜಾಗವಿಲ್ಲದಾಯಿತು, ಹಾರಿಸುವವನೇ ಮಾತನಾಡಬೇಕಾಯಿತು, ಆಗ ಪೈಲಟನಿಗೆ ಭಾಷೆಯನ್ನು ಕಲಿಸುವುದು ಮೊಟ್ಟಮೊದಲಿಗೆ ಒಂದು ಕೆಲಸವಾಯಿತು.

ಆ ಕೆಲಸದ ಮೊದಲ ದೊಡ್ಡ ಪಾಠಶಾಲೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ. 1940ರ ಬೇಸಗೆಯಲ್ಲಿ, ತಮ್ಮ ದೇಶವು ಶತ್ರುವಿನ ವಶವಾದ ಮೇಲೆ ರೊಮೇನಿಯಾ, ಫ್ರಾನ್ಸ್‌ಗಳ ಮಾರ್ಗವಾಗಿ ಹೇಗೋ ತಪ್ಪಿಸಿಕೊಂಡು ಇಂಗ್ಲೆಂಡನ್ನು ಸೇರಿದ ಪೋಲೆಂಡಿನ ಪೈಲಟರು ಲಂಡನ್ನಿನ ಪಶ್ಚಿಮಕ್ಕಿರುವ ನಾರ್ತೋಲ್ಟಿನಲ್ಲಿ 303ನೆಯ ಸ್ಕ್ವಾಡ್ರನ್ನಾಗಿ ಕೂಡಿಬಂದರು. ಹಾರಾಟದಲ್ಲಿ ಅವರು ತಮ್ಮ ಶಿಕ್ಷಕರಿಗಿಂತ ಕಡಮೆಯವರಾಗಿರಲಿಲ್ಲ; ಎಷ್ಟೋ ಮಂದಿ ಅವರಿಗಿಂತ ಹೆಚ್ಚು ಅನುಭವಿಗಳು, ಯುದ್ಧವನ್ನು ಕಣ್ಣಾರೆ ಕಂಡವರು. ಆದರೆ ಅವರಿಗೆ ಇಂಗ್ಲಿಷ್ ಬಾರದು. ಆ ಒಂದು ಕಾರಣಕ್ಕಾಗಿ, ಬ್ರಿಟನ್ನಿನ ಆಕಾಶದಲ್ಲಿ ಘೋರಸಮರವು ನಡೆಯುತ್ತಿರುವಾಗಲೂ, ಅವರನ್ನು ನೆಲದ ಮೇಲೆ ನಿಲ್ಲಿಸಿ ಪಾಠ ಹೇಳಬೇಕಾಯಿತು. ಪಕ್ಕದ ಅಕ್ಸ್‌ಬ್ರಿಜ್ಜಿನಲ್ಲಿ ಒಂದು ಕಾಲ್ಚೆಂಡಿನ ಮೈದಾನದ ಮೇಲೆ, ದಿಕ್ಸೂಚಿ, ರೇಡಿಯೋ, ವೇಗಮಾಪಕಗಳನ್ನು ಕಟ್ಟಿದ ಮೂರು ಗಾಲಿಯ ಸೈಕಲ್ಲುಗಳ ಮೇಲೆ ಈ ವೀರರು ಕಾಲು ತುಳಿಯುತ್ತ, ಕಿವಿಗೆ ಬೀಳುವ ಇಂಗ್ಲಿಷ್ ಆಜ್ಞೆಗಳಂತೆ ತಿರುಗುತ್ತ, ಗುಂಪುಗೂಡುತ್ತ, ಚೆದರುತ್ತ ಅಭ್ಯಾಸ ಮಾಡಿದರು. ಸ್ವದೇಶವನ್ನೂ ಸಂಸಾರವನ್ನೂ ಕಳೆದುಕೊಂಡು ಪ್ರತೀಕಾರಕ್ಕಾಗಿ ಕಾತರಿಸುತ್ತಿದ್ದ ಪ್ರೌಢರಿಗೆ ಇದು ಎಷ್ಟು ಅವಮಾನಕರವೆಂದು ತೋರಿರಬಹುದು! ಕಲಿಯಬೇಕಾಗಿದ್ದ ಮಾತಾದರೂ ಸಾಮಾನ್ಯ ಇಂಗ್ಲಿಷಲ್ಲ. ಅಂಕಿಗಳು, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ದಿಕ್ಕುಗಳು, ಮತ್ತೆ ಕೆಲವು ಗೂಢಪದಗಳು: ‘ಏಂಜೆಲ್ಸ್’ ಎಂದರೆ ದೇವದೂತರಲ್ಲ, ಸಾವಿರ ಅಡಿಗಳ ಎತ್ತರ, ‘ಪ್ಯಾನ್‌ಕೇಕ್’ ಎಂದರೆ ದೋಸೆಯಲ್ಲ, ನೆಲಕ್ಕಿಳಿಯಬೇಕೆಂಬ ಆಜ್ಞೆ. ಕಲಿಕೆಯು ಒಂದೇ ಕಡೆಯಿಂದ ನಡೆಯಲಿಲ್ಲವೆಂಬುದೂ ಗಮನಾರ್ಹ. ಅವರ ದಳಪತಿಗಳಲ್ಲೊಬ್ಬರಾದ ಕೆನಡಾದ ಜಾನ್ ಕೆಂಟರು ವಿಮಾನದ ಭಾಗಗಳ, ಕ್ರಿಯೆಗಳ ಪೋಲಿಷ್ ಹೆಸರುಗಳನ್ನು ಕಿವಿಗೆ ಕೇಳಿದಂತೆ ಬರೆದಿಟ್ಟುಕೊಂಡು ತಾವೂ ಕಲಿತರು. ಆಗಸ್ಟ್ 30ರಂದು ಅಭ್ಯಾಸದ ಹಾರಾಟವೊಂದರಲ್ಲಿ ಲುಡ್ವಿಕ್ ಪಾಷ್ಕೆವಿಚ್ ಎಂಬ ಪೈಲಟನು ಶತ್ರುವಿಮಾನವೊಂದನ್ನು ಕೆಡವಿದನು. ಮರುದಿನವೇ ಸ್ಕ್ವಾಡ್ರನ್ನಿಗೆ ಯುದ್ಧಕ್ಕೆ ಅನುಮತಿಯಾಯಿತು. ಆ ಸಮರದಲ್ಲಿ ಹರಿಕೇನ್ ವಿಮಾನದ ಸ್ಕ್ವಾಡ್ರನ್ನುಗಳಲ್ಲೆಲ್ಲ ಅತ್ಯಧಿಕ ಜಯಗಳು ಈ ದಳದ ಹೆಸರಿನಲ್ಲೇ ದಾಖಲಾದುವು. ಶೌರ್ಯವನ್ನು ತಡೆದಿದ್ದ ಬಾಗಿಲು ಭಾಷೆಯೊಂದೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಯುದ್ಧವು ಮುಗಿಯುವ ಮೊದಲೇ, 1944ರ ಡಿಸೆಂಬರ್ 7ರಂದು, ಷಿಕಾಗೋ ನಗರದಲ್ಲಿ 52 ರಾಷ್ಟ್ರಗಳು ವಿಮಾನಯಾನದ ಒಪ್ಪಂದಕ್ಕೆ ಸಹಿಮಾಡಿದುವು. ಅದರ ಫಲವಾಗಿ 1947ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಮಾಂಟ್ರಿಯಲ್ಲಿನಲ್ಲಿ ನೆಲೆಗೊಂಡಿತು. ಯಾವ ಭಾಷೆಯಲ್ಲಿ ಮಾತನಾಡಬೇಕೆಂಬ ಪ್ರಶ್ನೆಗೆ ಆ ಸಂಸ್ಥೆಯು 1951ರಲ್ಲಿ ಕೊಟ್ಟ ಉತ್ತರವು ಬಹು ವಿನಯಪೂರ್ವಕವಾದುದಾಗಿದ್ದಿತು: ಸಮಸ್ತರಿಗೂ ಒಪ್ಪುವ ಬೇರೊಂದು ವಾಗ್ರೂಪವು ಸಿದ್ಧವಾಗುವವರೆಗೆ ಇಂಗ್ಲಿಷ್ ದೊರೆಯುವಂತಿರಲಿ ಎಂಬ ಶಿಫಾರಸು ಅದು, ಆಜ್ಞೆಯಲ್ಲ. ತತ್ಕಾಲಕ್ಕೆಂದು ಹಾಕಿದ ಆ ಚಪ್ಪರದ ಕೆಳಗೆ ಲೋಕವು ಅರ್ಧಶತಮಾನವನ್ನು ಕಳೆಯಿತು.

ಅದೇ ಮಾಂಟ್ರಿಯಲ್ಲಿನ ವಿಶ್ವವಿದ್ಯಾನಿಲಯದ ಭಾಷಾಶಾಸ್ತ್ರದ ಪ್ರಾಧ್ಯಾಪಕ ಜಾನ್-ಪಾಲ್ ವಿನೇ ಅವರಿಗೆ ಅಕ್ಷರಮಾಲೆಯ ಕೆಲಸವು ಬಂದಿತು. ರೇಡಿಯೋದಲ್ಲಿ ಬಿ, ಡಿ, ಪಿ, ಟಿ ಎಂಬ ಅಕ್ಷರಗಳು ಒಂದರಂತೆ ಒಂದು ಕೇಳುತ್ತವೆಯಾದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಪದವನ್ನು ಗೊತ್ತುಮಾಡುವ ರೂಢಿ ಹಿಂದಿನಿಂದಲೂ ಇದ್ದಿತು. ಆಮ್‌ಸ್ಟರ್‌ಡ್ಯಾಮ್, ಬಾಲ್ಟಿಮೋರ್, ಕಾಸಾಬ್ಲಾಂಕಾ ಎಂದು ಊರುಗಳ ಹೆಸರಿನಿಂದ ಮಾಡಿದ ಮಾಲೆಯೊಂದಿತ್ತು. ಯುದ್ಧಕಾಲದಲ್ಲಿ ಸೈನಿಕರು ಬಳಸಿದ ಏಬಲ್, ಬೇಕರ್ ಎಂಬ ಶುದ್ಧ ಇಂಗ್ಲಿಷ್ ಮಾಲೆಯೊಂದಿತ್ತು. ವಿನೇ ಅವರು ಇಂಗ್ಲಿಷ್, ಫ್ರೆಂಚ್, ಸ್ಪಾನಿಷ್ ಮೂರರಲ್ಲಿಯೂ ಜೀವಂತವಾಗಿರುವ ಪದಗಳನ್ನು ಹುಡುಕಿದರು. 1951ರ ಮೊದಲ ಮಾಲೆಯಲ್ಲಿ ಕೋಕಾ, ಮೆಟ್ರೋ, ನೆಕ್ಟರ್, ಯೂನಿಯನ್, ಎಕ್ಸ್‌ಟ್ರಾ ಎಂಬ ಪದಗಳಿದ್ದುವು. ಬಳಕೆಯಲ್ಲಿ ಅವು ಎಡವಿದುವು. ಅನೇಕ ದೇಶಗಳ ನಾಲಗೆ ಕಿವಿಗಳ ಮೇಲೆ ಪರೀಕ್ಷೆ ನಡೆಸಿ ಅವುಗಳ ಸ್ಥಾನದಲ್ಲಿ ಚಾರ್ಲಿ, ಮೈಕ್, ನವೆಂಬರ್, ಯೂನಿಫಾರ್ಮ್, ಎಕ್ಸ್‌ರೇ ಎಂಬುವನ್ನು ತಂದಿರಿಸಲಾಯಿತು. 1956ರ ಮಾರ್ಚ್ 1ರಿಂದ ಈಗಿನ ಮಾಲೆ ಜಾರಿಗೆ ಬಂದಿತು. ಅದರಲ್ಲಿ ಅಲ್ಫಾ ಎಂಬುದರ ಬರಹದಲ್ಲಿ ಪಿ, ಎಚ್ ಕೂಡಿ ಫಕಾರವಾಗುವುದೆಂದು ತಿಳಿಯದವರಿಗಾಗಿ ನೇರವಾಗಿ ಎಫ್ ಅನ್ನೇ ಇಟ್ಟರು. ಜೂಲಿಯೆಟ್ ಎಂಬುದರ ಕೊನೆಯ ಟಿಯನ್ನು ಫ್ರೆಂಚರು ನುಂಗದಿರಲೆಂದು ಎರಡು ಟಿಗಳನ್ನು ಬರೆದರು. ಐ ಅಕ್ಷರಕ್ಕೆ ನಮ್ಮ ದೇಶದ ಹೆಸರೇ ನಿಂತಿತು. ಅಂಕಿಗಳನ್ನೂ ಬಿಡಲಿಲ್ಲ: ಮೂರು ‘ಟ್ರೀ’ ಆಯಿತು, ಐದು ‘ಫೈಫ್’ ಆಯಿತು, ಐದರೊಡನೆ ಬೆರೆಯದಂತೆ ಒಂಬತ್ತು ‘ನೈನರ್’ ಆಯಿತು, ಸಾವಿರವು ‘ಟೌಸಂಡ್’ ಆಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಇಂಗ್ಲಿಷಿನ ಮೂರನ್ನೂ ಸಾವಿರವನ್ನೂ ಬಾಯಿಗೆ ಬಂದಂತೆ ಗಟ್ಟಿಯಾಗಿ ಉಚ್ಚರಿಸಿ ಛೀಮಾರಿ ಹಾಕಿಸಿಕೊಂಡ ಮಕ್ಕಳು ಎಷ್ಟು ಮಂದಿ! ನಾಲಗೆಯನ್ನು ಹಲ್ಲುಗಳ ನಡುವೆ ಇಟ್ಟು ಊದಬೇಕಾದ ಆ ವ್ಯಂಜನವು ಲೋಕದ ಬಹುಮಂದಿಗೆ ಬಾರದೆಂದು ಕಂಡುಕೊಂಡು, ಅದನ್ನು ಆಂಗ್ಲರ ಬಾಯಿಂದಲೇ ತೆಗೆದುಹಾಕಿಸಿದ ಒಂದು ವಿದ್ಯೆ ಇದೆಯೆಂಬುದು ಆ ಮಕ್ಕಳಿಗೆ ಯಾರಾದರೂ ಹೇಳಬೇಕಾದ ಸಂಗತಿ. ಹಾಗೆಂದು ಕನ್ನಡವೇ ಆಕಾಶದ ಭಾಷೆಯಾಗಿದ್ದರೆ ತೊಡಕಿರುತ್ತಿರಲಿಲ್ಲವೆಂದೇನೂ ಅಲ್ಲ. ಮೂರು, ಆರು, ನೂರು ಈ ಮೂರೂ ಒಂದೇ ಪ್ರಾಸದಲ್ಲಿ ಮುಗಿಯುತ್ತವೆ. ಕರಕರಿಸುವ ಯಂತ್ರದಲ್ಲಿ ಮೊದಲಕ್ಷರವೊಂದು ಅಡಗಿದರೆ ಯಾವುದು ಯಾವುದೆಂದು ಬ್ರಹ್ಮನೂ ಹೇಳಲಾರನು. ‘ಏಳು’ ಎಂದರೆ ಸಂಖ್ಯೆಯೋ ಮೇಲಕ್ಕೇಳಬೇಕೆಂಬ ಆಜ್ಞೆಯೋ? ಕಣದಲ್ಲಿ ರಾಶಿಯನ್ನು ಅಳೆಯುವಾಗ ನಮ್ಮ ರೈತರು ಒಂದು ಎನ್ನುವುದಕ್ಕೆ ಬದಲಾಗಿ ‘ಲಾಭ’ ಎಂದು ಎಣಿಸತೊಡಗುವುದುಂಟು. ಅಂಕಿಯು ಬರಿಯ ಅಂಕಿಯಲ್ಲ, ಅದನ್ನು ನುಡಿಯುವ ಸಂದರ್ಭಕ್ಕೆ ತಕ್ಕಂತೆ ನುಡಿಯನ್ನು ಮಾರ್ಪಡಿಸಿಕೊಳ್ಳಬಹುದೆಂಬ ಅರಿವು ಅವರಿಗಿದ್ದಿತು.

ಏಳು ಎಂಬ ಪದದ ಈ ಇಬ್ಬಗೆಯು ಬರಿಯ ಕಲ್ಪನೆಯ ವಿನೋದವಲ್ಲ. 1989ರ ಫೆಬ್ರವರಿ 19ರಂದು ಕ್ವಾಲಾಲಂಪುರದ ಸಮೀಪದಲ್ಲಿ ಅಮೆರಿಕದ ಸರಕುವಿಮಾನವೊಂದಕ್ಕೆ 2,400 ಅಡಿಗೆ ಇಳಿಯುವಂತೆ ನಿಯಂತ್ರಕನು ಅಂಕಿ ಅಂಕಿಯಾಗಿ ‘ಟೂ ಫೋರ್ ಝೀರೋ ಝೀರೋ’ ಎಂದು ಹೇಳಿದನು. ಮೊದಲನೆಯ ‘ಟೂ’ ಎಂಬುದು ಇಂಗ್ಲಿಷಿನಲ್ಲಿ ಎರಡು ಎಂಬ ಸಂಖ್ಯೆಯೂ ಹೌದು, ನಮ್ಮ ಚತುರ್ಥೀ ವಿಭಕ್ತಿಯ ‘ಗೆ’ ಪ್ರತ್ಯಯದ ಅರ್ಥವೂ ಹೌದು. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳ ಆ ಪೈಲಟರು ಅದನ್ನು ನಾಲ್ಕುನೂರಕ್ಕೆ ಇಳಿಯಬೇಕೆಂದು ಗ್ರಹಿಸಿದರು, ಹಾಗೆಂದೇ ಮರುನುಡಿದರು, ಆ ಮರುನುಡಿಯಲ್ಲಿದ್ದ ತಪ್ಪನ್ನು ಕೆಳಗಿನವರು ಗ್ರಹಿಸಲಿಲ್ಲ. ವಿಮಾನವು ಗುಡ್ಡಕ್ಕೆ ಬಡಿದು ನಾಲ್ವರೂ ಮಡಿದರು. ಮಾತು ಹೋಯಿತು, ಮಾತು ಮರಳಿಯೂ ಬಂದಿತು. ಬಂದುದನ್ನು ಕೇಳುವ ಕಿವಿ ಒಂದು ಕ್ಷಣ ಮುಚ್ಚಿದ್ದಿತು. ಇಂಗ್ಲಿಷನ್ನು ಹಾಲಿನೊಡನೆ ಕುಡಿದವನಿಗೆ ವಿಮಾನ ಇಂಗ್ಲಿಷನ್ನು ಕಲಿಸಬೇಕಾಗಿಲ್ಲವೆಂಬ ಭ್ರಮೆಯು ಇದರಿಂದ ಹರಿಯಬೇಕಾಗಿದ್ದಿತು.

ಇದಕ್ಕೆ 12 ವರ್ಷಗಳ ಹಿಂದೆ, 1977ರ ಮಾರ್ಚ್ 27ರಂದು, ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ನಡೆದ ದುರಂತವು ವಿಮಾನಲೋಕದ ಕಣ್ಣನ್ನು ತೆರೆಸಿದ್ದಿತು. ಪಕ್ಕದ ಗ್ರಾನ್ ಕನೇರಿಯಾದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಲೋಸ್ ರೋಡೆಯೋಸ್ ಎಂಬ ಚಿಕ್ಕ ನಿಲ್ದಾಣದಲ್ಲಿ ದೊಡ್ಡ ವಿಮಾನಗಳು ಕಿಕ್ಕಿರಿದು ನಿಂತಿದ್ದುವು; ಮಂಜು ಕವಿದಿದ್ದಿತು. ಡಚ್ಚರ ಕೆಎಲ್ಎಂ ಸಂಸ್ಥೆಯ ವಿಮಾನವು ಓಟದ ದಾರಿಯ ತುದಿಯಲ್ಲಿ ನಿಂತಿರುವಾಗ, ಅಮೆರಿಕದ ಪ್ಯಾನ್ ಆಮ್ ವಿಮಾನವು ಅದೇ ದಾರಿಯ ಮೇಲೆ ಎದುರಿನಿಂದ ನಿಧಾನವಾಗಿ ಬರುತ್ತಿದ್ದಿತು. ಮುಂದೆ ಅನುಸರಿಸಬೇಕಾದ ಮಾರ್ಗವನ್ನು ಗೋಪುರದವನು ತಿಳಿಸಿದಾಗ ಆ ವಾಕ್ಯದೊಳಗೆ ‘ಟೇಕಾಫ್’ ಎಂಬ ಪದವೊಂದು ಇದ್ದಿತು. ಹೊರಡಲು ಅನುಮತಿಯಾಗಿ ಅಲ್ಲ, ಹೊರಟ ಮೇಲೆ ಯಾವ ಕಡೆ ತಿರುಗಬೇಕೆಂಬ ಸೂಚನೆಯ ಭಾಗವಾಗಿ. ಡಚ್ ಸಹಪೈಲಟನು ಅದನ್ನು ಮರುನುಡಿದು, ಕೊನೆಗೆ ‘ವಿ ಆರ್ ನೌ ಅಟ್ ಟೇಕಾಫ್’ ಎಂದು ಸೇರಿಸಿದನು. ಹೊರಡುವ ಸ್ಥಳದಲ್ಲಿದ್ದೇವೆ ಎಂದೋ, ಹೊರಡುತ್ತಿದ್ದೇವೆ ಎಂದೋ? ಗೋಪುರದವನು ಮೊದಲನೆಯದೆಂದು ತಿಳಿದು ‘ಓಕೆ’ ಎಂದನು. ಒಂದು ಕ್ಷಣದ ಬಳಿಕ, ಕಾದಿರಿ, ನಾನು ಕರೆಯುತ್ತೇನೆ ಎಂದನು. ಆ ಕ್ಷಣದಲ್ಲೇ ಪ್ಯಾನ್ ಆಮ್‌ನವರು ತಾವಿನ್ನೂ ದಾರಿಯ ಮೇಲೆಯೇ ಇದ್ದೇವೆಂದು ನುಡಿದರು. ಎರಡು ಧ್ವನಿಗಳು ಒಂದೇ ಅಲೆಯ ಮೇಲೆ ಡಿಕ್ಕಿಹೊಡೆದು ಡಚ್ಚರ ಕಿವಿಯಲ್ಲಿ ಬರಿಯ ಕೀರಲು ಶಬ್ದವಾಯಿತು. ಸ್ಪಷ್ಟವಾಗಿ ಉಳಿದುದು ‘ಓಕೆ’ ಎಂಬ ಎರಡಕ್ಷರ ಮಾತ್ರ. 583 ಮಂದಿ ಮೃತರಾದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಗಾದೆಯನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಅದರ ಪೂರ್ಣಾರ್ಥವು ಈ ವೃತ್ತಾಂತವನ್ನು ಓದಿದ ದಿನ ನನಗೆ ತಿಳಿಯಿತು. ಅಂದಿನಿಂದ ‘ಟೇಕಾಫ್’ ಎಂಬ ಪದವು ಪೈಲಟರ ಪಾಠದಲ್ಲಿ ಮಂತ್ರಾಕ್ಷರದಂತೆ ಕಾಯ್ದಿರಿಸಲ್ಪಟ್ಟಿದೆ: ಹೊರಡಲು ಅಪ್ಪಣೆ ಕೊಡುವಾಗ ಅಥವಾ ಅದನ್ನು ಹಿಂತೆಗೆದುಕೊಳ್ಳುವಾಗಲಲ್ಲದೆ ಅದನ್ನು ಉಚ್ಚರಿಸಕೂಡದು, ಉಳಿದೆಡೆಯೆಲ್ಲ ‘ಡಿಪಾರ್ಚರ್’ ಎನ್ನತಕ್ಕುದು. ಅಪ್ಪಣೆಗೆ ‘ಓಕೆ’ ಎಂಬ ಸಡಿಲು ಉತ್ತರವು ಸಾಲದು. ಅಪ್ಪಣೆಯ ಮುಖ್ಯಾಂಶವನ್ನೆಲ್ಲ ಹಾಗೆಹಾಗೆಯೇ ಮರುನುಡಿಯಬೇಕು.

ವೇದಾಧ್ಯಯನ ಮಾಡಿದವರಿಗೆ ಈ ಕ್ರಮವು ಹೊಸದಲ್ಲ. ಸಂಥೆ ಹೇಳುವಾಗ ಗುರುವು ಒಮ್ಮೆ ನುಡಿದುದನ್ನು ಶಿಷ್ಯನು ಎರಡು ಸಲ ನುಡಿಯುತ್ತಾನೆ; ಗುರುವು ಸ್ವರವನ್ನು ಗಮನಿಸಿ, ತಪ್ಪಿದ್ದರೆ ತಡೆದು ಮತ್ತೆ ಹೇಳಿಸುತ್ತಾನೆ. ಜಟೆ, ಘನ ಮುಂತಾದ ಪಾಠಗಳಲ್ಲಿ ಪದಗಳನ್ನು ಹಿಂದುಮುಂದಾಗಿ ಹೆಣೆಯುವುದೂ ಒಂದಕ್ಷರವೂ ಜಾರಿಹೋಗದಿರಲೆಂಬ ಎಚ್ಚರಕ್ಕಾಗಿಯೇ. ಶಬ್ದವು ಕೆಟ್ಟರೆ ಕಾರ್ಯವು ಕೆಡುವುದೆಂಬ ಭಯವು ಯಜ್ಞಶಾಲೆಗೂ ವಿಮಾನಕ್ಕೂ ಸಮಾನವಾದುದರಿಂದ, ಪರಸ್ಪರ ಪರಿಚಯವೇ ಇಲ್ಲದ ಎರಡು ಪರಂಪರೆಗಳು ಒಂದೇ ಉಪಾಯವನ್ನು ಹಿಡಿದುವು.

ಆದರೆ ಕಂಠಪಾಠವು ಎಲ್ಲಿಯವರೆಗೆ ಕಾಪಾಡೀತು? ಗೊತ್ತಾದ ಸಂದರ್ಭಕ್ಕೆ ಗೊತ್ತಾದ ವಾಕ್ಯವುಂಟು. ಗೊತ್ತಿಲ್ಲದ ಆಪತ್ತು ಬಂದಾಗ ಪೈಲಟನು ತನ್ನ ಮಾತನ್ನು ತಾನೇ ಕಟ್ಟಬೇಕು. 1990ರ ಜನವರಿ 25ರ ರಾತ್ರಿ ಕೊಲಂಬಿಯಾದ ವಿಮಾನವೊಂದು ನ್ಯೂಯಾರ್ಕಿನ ಮೇಲೆ ಬಹುಹೊತ್ತು ಸುತ್ತಿಸಲ್ಪಟ್ಟು, ಇಂಧನವು ಮುಗಿದು ಕೆಳಗೆ ಬಿದ್ದಿತು. 73 ಮಂದಿ ಸತ್ತರು. ತಮ್ಮ ಇಂಧನ ಮುಗಿಯುತ್ತಿದೆಯೆಂದು ಅದರ ಸಹಪೈಲಟನು ಹೇಳಿದ್ದನು, ಆದ್ಯತೆ ಬೇಕೆಂದೂ ಕೇಳಿದ್ದನು. ಆದರೆ ‘ಎಮರ್ಜೆನ್ಸಿ’ ಎಂಬ ಪದವಾಗಲಿ ‘ಮೇಡೇ’ ಎಂಬ ಕೂಗಾಗಲಿ ಅವನ ಬಾಯಿಂದ ಹೊರಡಲಿಲ್ಲ. ಪರಭಾಷೆಯಲ್ಲಿ ವಿನಯವಾಗಿ ಕೇಳುವುದನ್ನು ಎಲ್ಲರೂ ಕಲಿಸುತ್ತಾರೆ; ಪರಭಾಷೆಯಲ್ಲಿ ಕೂಗಿಕೊಳ್ಳುವುದನ್ನೂ ಕಲಿಸಬೇಕು.

ಭಾಷೆಯ ಹಕ್ಕಿನ ಪ್ರಶ್ನೆಯೂ ಈ ಚರಿತ್ರೆಯಲ್ಲಿ ಬಾರದೆ ಹೋಗಲಿಲ್ಲ. 1976ರಲ್ಲಿ ಕೆನಡಾದಲ್ಲಿ, ಕ್ವಿಬೆಕ್ ಪ್ರಾಂತದ ಫ್ರೆಂಚ್ ಪೈಲಟರು ತಮ್ಮ ಊರಿನ ಆಕಾಶದಲ್ಲಿ ತಮ್ಮ ಭಾಷೆಯನ್ನಾಡಲು ಅವಕಾಶ ಕೇಳಿದುದಕ್ಕೆ ಎದುರಾಗಿ ಇಂಗ್ಲಿಷ್ ಪೈಲಟರೂ ನಿಯಂತ್ರಕರೂ ಮುಷ್ಕರ ಹೂಡಿದರು. ಕೊನೆಗೆ ವಿಚಾರಣಾಮಂಡಲಿಯು ಎರಡು ಭಾಷೆಗಳ ಬಳಕೆಯಿಂದ ಅಪಾಯವಿಲ್ಲವೆಂದು 1979ರಲ್ಲಿ ತೀರ್ಪಿತ್ತಿತು. ಕ್ವಿಬೆಕ್ಕಿನವರ ಅಭಿಮಾನವನ್ನು ಕನ್ನಡಿಗನಾದ ನಾನು ಚೆನ್ನಾಗಿ ಬಲ್ಲೆ. ಆದರೆ 2000ದ ಮೇ ತಿಂಗಳಲ್ಲಿ ಪ್ಯಾರಿಸಿನ ನಿಲ್ದಾಣದಲ್ಲಿ, ಒಂದು ವಿಮಾನಕ್ಕೆ ಫ್ರೆಂಚಿನಲ್ಲಿ ಹೊರಡುವ ಅಪ್ಪಣೆಯಾದುದನ್ನು ಅರಿಯದ ಬ್ರಿಟಿಷ್ ವಿಮಾನವು ಅದೇ ದಾರಿಗೆ ಬಂದು, ಅದರ ಪೈಲಟರಲ್ಲೊಬ್ಬನು ಮಡಿದುದನ್ನೂ ಮರೆಯಲಾರೆ. ಆಕಾಶದಲ್ಲಿ ಇಬ್ಬರ ಸಂಭಾಷಣೆಯು ಇಬ್ಬರದು ಮಾತ್ರವಲ್ಲ. ಸುತ್ತ ಹಾರುತ್ತಿರುವವರೆಲ್ಲರೂ ಕೇಳಿಸಿಕೊಳ್ಳುವ ಊರಬಾವಿಯ ಕಟ್ಟೆಯ ಮಾತು ಅದು.

ಭಾರತದ ನೆಲದ ಮೇಲೆ ಈ ಪಾಠಕ್ಕೆ ತೆತ್ತ ಬೆಲೆ ಅತ್ಯಂತ ಘೋರವಾದುದು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿಯೂ, ದೆಹಲಿಗೆ ಇಳಿಯುತ್ತಿದ್ದ ಕಜಾಕ್ ವಿಮಾನಕ್ಕೆ 15,000 ಅಡಿಯೂ ಗೊತ್ತಾಗಿದ್ದುವು. ಬರುವವರಿಗೂ ಹೋಗುವವರಿಗೂ ಒಂದೇ ದಾರಿ. ನಿಯಂತ್ರಕನ ಬಳಿಯಿದ್ದ ರೇಡಾರು ವಿಮಾನಗಳ ಎತ್ತರವನ್ನು ತೋರಿಸುವಂಥದಲ್ಲ. ಅವರು ಹೇಳಿದುದೇ ಅವನಿಗೆ ಆಧಾರ. ಎದುರಿನಲ್ಲಿ ವಿಮಾನವಿದೆಯೆಂದೂ ಎಷ್ಟು ಮೈಲಿ ದೂರದಲ್ಲಿದೆಯೆಂದೂ ಅವನು ಎಚ್ಚರಿಸಿದ್ದನು. ಸೋವಿಯತ್ ಪದ್ಧತಿಯ ಆ ಕಜಾಕ್ ವಿಮಾನದಲ್ಲಿ ಹಳೆಯ ಕಾಲದ ರೇಡಿಯೋ ಅಧಿಕಾರಿಯ ಹುದ್ದೆ ಇನ್ನೂ ಉಳಿದಿದ್ದಿತು. ಇಂಗ್ಲಿಷಿನ ಹೊಣೆ ಅವನದು, ಹಾರಿಸುವ ಹೊಣೆ ಬೇರೆಯವರದು. ವಿಮಾನವು ಗೊತ್ತಾದ ಎತ್ತರಕ್ಕಿಂತ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಡಿಕ್ಕಿಹೊಡೆದು 349 ಜನ ಪ್ರಾಣ ಕಳೆದುಕೊಂಡರು, ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಲಹೋಟಿಯವರ ಆಯೋಗವು ಕಜಾಕ್ ಸಿಬ್ಬಂದಿಯ ಇಂಗ್ಲಿಷಿನ ಕೊರತೆಯನ್ನೂ ಗಮನಿಸಿತು. ಕ್ರಾಯ್ಡನ್ನಿನ ಕಾಲದಲ್ಲಿ ಮಾತಿಗೂ ಹಾರಾಟಕ್ಕೂ ನಡುವೆ ಇದ್ದ ಆ ಹಳೆಯ ಗೋಡೆ, ಎಲ್ಲ ಕಡೆ ಬಿದ್ದುಹೋದ ಮೇಲೂ ಒಂದು ಮೂಲೆಯಲ್ಲಿ ನಿಂತಿದ್ದು, ಇಲ್ಲಿ ನಮ್ಮ ಮೇಲೆ ಕುಸಿಯಿತು.

1998ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ಈ ವಿಷಯವನ್ನು ಕೈಗೆತ್ತಿಕೊಂಡು, 2003ರಲ್ಲಿ ನಿಯಮಗಳನ್ನು ತಿದ್ದಿತು. ತತ್ಕಾಲದ ಶಿಫಾರಸು ಹೋಗಿ ಖಚಿತವಾದ ವಿಧಿ ಬಂದಿತು. ಪೈಲಟರೂ ನಿಯಂತ್ರಕರೂ ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಅಂಗಗಳಲ್ಲಿ ಪರೀಕ್ಷಿತರಾಗಿ, ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನಾದರೂ ಏರಿರಬೇಕು. ನಾಲ್ಕನೆಯದರಲ್ಲಿರುವವರು ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಇದಕ್ಕೆ ಮೊದಲು ಗೊತ್ತಾದ ಗಡುವು 2008ರ ಮಾರ್ಚ್. ಅನೇಕ ದೇಶಗಳು ಸಿದ್ಧವಾಗದೆ ಅದು 2011ಕ್ಕೆ ಮುಂದುವರಿಯಿತು. ಈ ಸೋಪಾನದಲ್ಲಿ ನನಗೆ ಪ್ರಿಯವಾದುದು ಒಂದಂಶ: ನಾಲ್ಕನೆಯ ಮೆಟ್ಟಿಲಿನವನ ಉಚ್ಚಾರಣೆಯಲ್ಲಿ ಅವನ ತಾಯ್ನುಡಿಯ ಛಾಯೆ ಇರಬಹುದು, ಅದು ಅರ್ಥಗ್ರಹಣಕ್ಕೆ ಪದೇಪದೇ ಅಡ್ಡಿಯಾಗದಿದ್ದರೆ ಸಾಕು. ಆಂಗ್ಲನಂತೆ ನುಡಿಯಬೇಕೆಂದು ಯಾರೂ ಕೇಳುವುದಿಲ್ಲ. ಅರ್ಥವಾಗುವಂತೆ ನುಡಿಯಬೇಕೆಂದು ಕೇಳುತ್ತಾರೆ.

ನಮ್ಮ ಜಕ್ಕೂರಿನ ಮೈದಾನದಲ್ಲಿ ಮೈಸೂರು ಸಂಸ್ಥಾನದ ಆಶ್ರಯದಿಂದ 1948ರಲ್ಲಿ ಮೊದಲಾದ ವಿಮಾನಶಾಲೆಯ ಕಾಲದಿಂದಲೂ ಕನ್ನಡದ ಹುಡುಗರು ಈ ನುಡಿಯನ್ನು ಕಲಿಯುತ್ತ ಬಂದಿದ್ದಾರೆ. ರೇಡಿಯೋದಲ್ಲಿ ಮಾತನಾಡುವುದಕ್ಕೆಂದೇ ಪ್ರತ್ಯೇಕವಾದ ಪರವಾನೆಯುಂಟು. ಅದರ ಪರೀಕ್ಷೆಯನ್ನು ಬಹುಕಾಲ ಕೇಂದ್ರದ ಸಂಪರ್ಕ ಇಲಾಖೆಯ ನಿಸ್ತಂತು ವಿಭಾಗವು ನಡೆಸುತ್ತಿದ್ದು, ಹೊಸ ವಾಯುಯಾನ ಅಧಿನಿಯಮವು ಜಾರಿಗೆ ಬಂದ 2025ರಿಂದ ಆ ಅಧಿಕಾರವು ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸೇರಿತು. ಅದಕ್ಕಾಗಿ ಸಿದ್ಧತೆ ನಡೆಸುವ ಕೊಠಡಿಯೊಂದರ ಹಿಂದಿನ ಬೆಂಚಿನಲ್ಲಿ ಒಂದು ಮಧ್ಯಾಹ್ನ ಕುಳಿತಿರುವ ಅವಕಾಶ ನನಗೆ ದೊರೆತಿದ್ದಿತು. ಪರದೆಯೊಂದರ ಆಚೆ ಒಬ್ಬ ವಿದ್ಯಾರ್ಥಿಯು ಪೈಲಟನಾಗಿ, ಈಚೆ ಇನ್ನೊಬ್ಬನು ಗೋಪುರವಾಗಿ ಕುಳಿತಿದ್ದರು. ಮುಖ ಕಾಣಬಾರದು, ಸನ್ನೆಯ ನೆರವು ದೊರೆಯಬಾರದು. ಗೋಪುರದ ಪಾತ್ರಧಾರಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ವಿರಾಮದಲ್ಲಿ ಗೆಳೆಯರ ಇಂಗ್ಲಿಷ್ ಹರಟೆಗೆ ಸೇರದೆ ಸುಮ್ಮನೆ ಕಿಟಕಿಯ ಬಳಿ ನಿಂತಿದ್ದವನು. ಆಚೆಯವನಿಗೆ ಅಧ್ಯಾಪಕರು ಗುಟ್ಟಾಗಿ ಒಂದು ಚೀಟಿ ಕೊಟ್ಟಿದ್ದರು. ಈಚೆಯವನು ವಿಮಾನದ ಹೆಸರನ್ನು ವಿಕ್ಟರ್, ಟ್ಯಾಂಗೋ ಎಂದು ತೊಡಗಿ ಕರೆದು, ತೊಂಬತ್ತನೆಯ ಮಟ್ಟಕ್ಕೆ ಏರಬಹುದೆಂದು ‘ನೈನರ್ ಝೀರೋ’ ಎಂದನು. ಆಚೆಯ ಧ್ವನಿಯು ಸ್ವಚ್ಛವಾದ, ವೇಗವಾದ, ಕಾನ್ವೆಂಟಿನ ಇಂಗ್ಲಿಷಿನಲ್ಲಿ ಎಲ್ಲವನ್ನೂ ಮರುನುಡಿಯುತ್ತ, ಚೀಟಿಯಲ್ಲಿ ಬರೆದಿದ್ದಂತೆ ‘ಫೈಫ್ ಝೀರೋ’ ಎಂದು ಜಾರಿಸಿಬಿಟ್ಟಿತು. ಕೊಠಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹುಡುಗನ ಹೆಬ್ಬೆರಳು ಗುಂಡಿಯ ಮೇಲೆ ಒಂದು ಕ್ಷಣ ತಡೆಯಿತು. ಆಮೇಲೆ ಅವನು, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಇರಿಸುತ್ತ, ‘ನೆಗೆಟಿವ್, ಐ ಸೇ ಅಗೇನ್’ ಎಂದು ತೊಡಗಿದನು.